ಎಂಜಿನ್‌ಗೆ ತಕ್ಕ ಗೇರು: ಬಿಡಿಭಾಗ ವರ್ತಕರು ಅರಿಯಬೇಕಾದ ಲೆಕ್ಕ

ಹಳೆಯ ಕಾರುಗಳ ಎಂಜಿನ್ ಬಿಚ್ಚಿ ಕಟ್ಟುವ ಕೆಲಸವು ಇಂದಿಗೂ ಅನೇಕ ಸಣ್ಣ ಘಟಕಗಳಿಗೆ ಅನ್ನ ನೀಡುತ್ತಿದೆ. ಮಾರುತಿ 800 ಹಾಗೂ ಅಂಬಾಸಿಡರ್ ಕಾರುಗಳ ತಯಾರಿಕೆ 2014ರಲ್ಲಿಯೇ ನಿಂತಿತಾದರೂ, ಅವುಗಳ ಪಿಸ್ಟನ್, ಕ್ಯಾಮ್‌ಶಾಫ್ಟ್, ಕ್ರೌನ್ ವ್ಹೀಲ್‌ಗಳನ್ನು ಕೇಳಿಕೊಂಡು ಅಂಗಡಿಗೆ ಬರುವವರು ಇದ್ದೇ ಇದ್ದಾರೆ. ಈ ವ್ಯಾಪಾರದಲ್ಲಿ ಪದೇ ಪದೇ ಕೇಳಿಬರುವ ದೂರೊಂದಿದೆ: "ಹೊಸ ಸಾಮಾನು ಹಾಕಿದ ಮೇಲೆ ಗಾಡಿ ಎಳೆಯುತ್ತಿಲ್ಲ." ವಾಪಸು ಬಂದ ಭಾಗವನ್ನು ಗೇಜಿನಿಂದ ಅಳೆದರೆ ದೋಷವೇ ಕಾಣುವುದಿಲ್ಲ. ಆದರೂ ಹಣ ಹಿಂದಿರುಗಿಸಬೇಕಾಗುತ್ತದೆ, ಗಿರಾಕಿಯೂ ಕೈತಪ್ಪುತ್ತಾನೆ. ದೋಷವಿರುವುದು ಭಾಗದಲ್ಲಲ್ಲ, ಭಾಗಗಳ ಹೊಂದಾಣಿಕೆಯಲ್ಲಿ.

ಎಂಜಿನ್ ಒಳಗಿನ ಲೆಕ್ಕ

ಮಾರುತಿ 800 ಕಾರಿನ ಮೂರು ಸಿಲಿಂಡರಿನ ಎಂಜಿನ್ನನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಬೋರ್ 68.5 ಮಿ.ಮೀ., ಸ್ಟ್ರೋಕ್ 72 ಮಿ.ಮೀ.; ಒಂದು ಸಿಲಿಂಡರಿನ ಗಾತ್ರ 265 ಸಿ.ಸಿ., ಒಟ್ಟು 796 ಸಿ.ಸಿ. ಬೋರನ್ನು ಅರ್ಧ ಮಿಲಿಮೀಟರ್ ಹಿಗ್ಗಿಸಿ ಓವರ್‌ಸೈಜ್ ಪಿಸ್ಟನ್ ಹಾಕಿದರೆ ಒಟ್ಟು ಗಾತ್ರ ಸುಮಾರು 808 ಸಿ.ಸಿ. ಆಗುತ್ತದೆ. ಹೆಚ್ಚಳ ಶೇ. 1.5 ಮಾತ್ರ. ಇದರಿಂದ ಶಕ್ತಿ ಹೆಚ್ಚುವುದೆಂದು ಗಿರಾಕಿಗೆ ಹೇಳುವುದು ಸರಿಯಲ್ಲ. ಸವೆದ ಸಿಲಿಂಡರನ್ನು ಮತ್ತೆ ದುಂಡಗೆ ಮಾಡುವುದಷ್ಟೇ ಅದರ ಪ್ರಯೋಜನ.

ಹೆಡ್ ಫೇಸಿಂಗಿನ ಮಾತು ಬೇರೆ. ಒತ್ತಡದ ಅನುಪಾತ 9 ಎಂದಿಟ್ಟುಕೊಂಡರೆ ಪಿಸ್ಟನ್ ಮೇಲುಗಡೆ ಉಳಿಯುವ ಜಾಗ 33 ಸಿ.ಸಿ. ಇರುತ್ತದೆ. ಸೊಟ್ಟಗಾದ ಹೆಡ್ಡನ್ನು ಉಜ್ಜುವಾಗ ಅದರಲ್ಲಿ ಕೇವಲ 3 ಸಿ.ಸಿ. ಕಡಿಮೆಯಾದರೂ ಅನುಪಾತವು 9.8ಕ್ಕೆ ಏರುತ್ತದೆ. ಕಡಿಮೆ ಅನುಪಾತಕ್ಕೆಂದು ಹೊಂದಿಸಿದ ಇಗ್ನಿಷನ್ ಟೈಮಿಂಗನ್ನು ಹಾಗೆಯೇ ಬಿಟ್ಟರೆ ಏರು ರಸ್ತೆಯಲ್ಲಿ ನಾಕಿಂಗ್ ಸದ್ದು ಶುರುವಾಗಿ, ಹೊಸ ಪಿಸ್ಟನ್ ಕೆಲವೇ ತಿಂಗಳಲ್ಲಿ ಒಡೆಯುವ ಸಂಭವವಿದೆ. ಆಗ ಬೈಗುಳ ತಿನ್ನುವವನು ಪಿಸ್ಟನ್ ಮಾರಿದವನೇ ಹೊರತು ಹೆಡ್ ಉಜ್ಜಿದವನಲ್ಲ.

ಕ್ಯಾಮ್‌ಶಾಫ್ಟ್ ಹಾಗೂ ಗೇರುಗಳ ಅಂತರ

ದೂರುಗಳ ಮೂಲ ಬಹುಮಟ್ಟಿಗೆ ಇಲ್ಲಿಯೇ ಇದೆ. ವಾಲ್ವುಗಳನ್ನು ಹೆಚ್ಚು ಹೊತ್ತು ತೆರೆದಿಡುವ 'ಸ್ಪೋರ್ಟ್' ಕ್ಯಾಮ್ ಎಂಜಿನ್ನಿನ ಎಳೆತವನ್ನು ಮೇಲಿನ ಸುತ್ತುಗಳಿಗೆ ಸರಿಸುತ್ತದೆ. ಕೆಳಗಿನ ಸುತ್ತುಗಳಲ್ಲಿ ಇದ್ದ ಎಳೆತವೂ ಕಡಿಮೆಯಾಗುತ್ತದೆ. ಅಂತಹ ಎಂಜಿನ್ 3,500ರಿಂದ 5,000 ಸುತ್ತುಗಳ ನಡುವೆ ಮಾತ್ರ ಚೆನ್ನಾಗಿ ಎಳೆಯುವುದೆಂದು ಭಾವಿಸೋಣ. ಗೇರ್‌ಬಾಕ್ಸಿನ ಅನುಪಾತಗಳು 3.6, 2.1, 1.35 ಮತ್ತು 1 ಆಗಿರಲಿ. 5,000 ಸುತ್ತಿನಲ್ಲಿ ಒಂದನೆಯ ಗೇರಿನಿಂದ ಎರಡನೆಯದಕ್ಕೆ ಹಾಕಿದೊಡನೆ ಎಂಜಿನ್ ಸುಮಾರು 2,900 ಸುತ್ತಿಗೆ ಇಳಿಯುತ್ತದೆ. ಎರಡರಿಂದ ಮೂರಕ್ಕೆ ಹಾಕಿದರೆ 3,200. ಮೂರರಿಂದ ನಾಲ್ಕಕ್ಕೆ 3,700. ಅಂದರೆ ಕೊನೆಯ ಬದಲಾವಣೆಯಲ್ಲಿ ಮಾತ್ರ ಎಂಜಿನ್ ತನ್ನ ಎಳೆತದ ವ್ಯಾಪ್ತಿಯೊಳಗೆ ಉಳಿಯುತ್ತದೆ. ಉಳಿದೆರಡು ಸಲವೂ ಉಸಿರು ಕಟ್ಟಿದಂತೆ ಮುಗ್ಗರಿಸುತ್ತದೆ. ಬೆಂಗಳೂರಿನ ಸಂಚಾರದಲ್ಲಿ ಮಾಲೀಕನು ಇಡೀ ದಿನ ಓಡಿಸುವುದು ಈ ಮೊದಲ ಮೂರು ಗೇರುಗಳಲ್ಲಿಯೇ ಎಂಬುದನ್ನು ಮರೆಯಬಾರದು.

5,000ವನ್ನು 3,500ರಿಂದ ಭಾಗಿಸಿದರೆ 1.43 ಬರುತ್ತದೆ. ಅಕ್ಕಪಕ್ಕದ ಎರಡು ಗೇರುಗಳ ನಡುವಣ ಭಾಗಲಬ್ಧ ಇದಕ್ಕಿಂತ ಹೆಚ್ಚಿರಬಾರದು. ಮೇಲಿನ ಗೇರ್‌ಬಾಕ್ಸಿನಲ್ಲಿ ಒಂದು ಮತ್ತು ಎರಡರ ನಡುವೆ ಅದು 1.71 ಇದೆ. ಕ್ಯಾಮ್ ಮಾರುವ ಮುನ್ನ ಕಾಗದದ ಚೂರಿನ ಮೇಲೆ ಮಾಡಬಹುದಾದ ಲೆಕ್ಕವಿದು.

ಡಿಫರೆನ್ಷಿಯಲ್ ಬದಲಿಸಿದರೆ ಸಾಲದೇ ಎಂಬ ಪ್ರಶ್ನೆ ಏಳುತ್ತದೆ. ಸಾಲದು. ಕ್ರೌನ್ ಮತ್ತು ಪಿನಿಯನ್ ಬದಲಿಸಿದಾಗ ಎಲ್ಲ ಗೇರುಗಳೂ ಒಂದೇ ಪ್ರಮಾಣದಲ್ಲಿ ಮೇಲಕ್ಕೋ ಕೆಳಕ್ಕೋ ಸರಿಯುತ್ತವೆ. ಅವುಗಳ ನಡುವಣ ಅಂತರ ಎಳ್ಳಷ್ಟೂ ಬದಲಾಗುವುದಿಲ್ಲ. ಟೈರಿನ ಅಳತೆ ಬದಲಿಸಿದಾಗಲೂ ಇದೇ ಕಥೆ. ಹಲವು ವರ್ಷಗಳ ಅನುಭವವಿರುವ ಮೆಕ್ಯಾನಿಕ್‌ಗಳೂ ಈ ಒಂದು ವಿಷಯದಲ್ಲಿ ಎಡವುತ್ತಾರೆ.

ಕೊನೆಯ ಅನುಪಾತ

175/70 ಆರ್ 13 ಟೈರಿನ ಸುತ್ತಳತೆ ಸುಮಾರು 1.81 ಮೀಟರ್. ಗಂಟೆಗೆ 80 ಕಿ.ಮೀ. ವೇಗದಲ್ಲಿ ಚಕ್ರವು ನಿಮಿಷಕ್ಕೆ 738 ಸುತ್ತು ತಿರುಗುತ್ತದೆ. ಟಾಪ್ ಗೇರ್ 1, ಡಿಫರೆನ್ಷಿಯಲ್ 4.1 ಇದ್ದರೆ ಎಂಜಿನ್ 3,025 ಸುತ್ತು, 3.73 ಇದ್ದರೆ 2,750. ಹೆದ್ದಾರಿಯಲ್ಲಿ ಪೆಟ್ರೋಲ್ ಉಳಿಯುವುದು ನಿಜ. ಆದರೆ ಚಕ್ರಕ್ಕೆ ತಲುಪುವ ಎಳೆತ ಪ್ರತಿಯೊಂದು ಗೇರಿನಲ್ಲಿಯೂ ಶೇ. 9ರಷ್ಟು ಕಡಿಮೆಯಾಗುತ್ತದೆ. ಮನೆಮಂದಿಯನ್ನೂ ಸಾಮಾನನ್ನೂ ತುಂಬಿಕೊಂಡು ಚಾರ್ಮಾಡಿ ಘಾಟಿ ಏರುವವನು ಅದನ್ನು ಮೊದಲ ತಿರುವಿನಲ್ಲಿಯೇ ಗುರುತಿಸುತ್ತಾನೆ.

ಹೊಂದಾಣಿಕೆ ಸರಿಯಾಗಿ ನಡೆದ ನಿದರ್ಶನವನ್ನು ಅಂಬಾಸಿಡರಿನಲ್ಲಿಯೇ ಕಾಣಬಹುದು. ಅದರ ಹಳೆಯ 1,489 ಸಿ.ಸಿ. ಪೆಟ್ರೋಲ್ ಎಂಜಿನ್ನಿನ ಬೋರ್ 73 ಮಿ.ಮೀ., ಸ್ಟ್ರೋಕ್ 88.9 ಮಿ.ಮೀ. 4,500 ಸುತ್ತಿನಲ್ಲಿ ಅದರ ಪಿಸ್ಟನ್ ಸರಾಸರಿ ಸೆಕೆಂಡಿಗೆ 13.3 ಮೀಟರ್ ಓಡುತ್ತದೆ. 1990ರ ದಶಕದ ಆರಂಭದಲ್ಲಿ ಹಿಂದೂಸ್ತಾನ್ ಮೋಟಾರ್ಸ್ ಅಳವಡಿಸಿದ ಇಸುಜು ಎಂಜಿನ್ 84 ಮಿ.ಮೀ. ಬೋರ್, 82 ಮಿ.ಮೀ. ಸ್ಟ್ರೋಕಿನ 1,817 ಸಿ.ಸಿ. ಯಂತ್ರ, ಅದೇ ಪಿಸ್ಟನ್ ವೇಗಕ್ಕೆ ಅದು ಸುಮಾರು 4,880 ಸುತ್ತಿನವರೆಗೆ ಹೋಗಬಲ್ಲದು. ಕಂಪನಿಯು ಎಂಜಿನ್ ಒಂದನ್ನೇ ಬದಲಿಸಲಿಲ್ಲ, ಐದು ಗೇರುಗಳ ಪೆಟ್ಟಿಗೆಯನ್ನೂ ಜೊತೆಗೆ ಕೊಟ್ಟಿತು. ಹಳೆಯ ಕಾರಿಗೆ ಇದೇ ಎಂಜಿನ್ ಕೂರಿಸಿ ಹಳೆಯ ಗೇರ್‌ಬಾಕ್ಸನ್ನೇ ಉಳಿಸಿಕೊಂಡರೆ, ಕಡಿಮೆ ಶಕ್ತಿಗೆಂದು ರೂಪಿಸಿದ ಕ್ಲಚ್ ಪ್ಲೇಟಿನ ಮೇಲೆ ಅಧಿಕ ಹೊರೆ ಬೀಳುತ್ತದೆ.

ದಾಸ್ತಾನು ಇಡುವವರಿಗೆ

ಕ್ರೌನ್ ವ್ಹೀಲ್ ಮತ್ತು ಪಿನಿಯನ್‌ಗಳನ್ನು ಕಾರ್ಖಾನೆಯಲ್ಲಿ ಜೋಡಿಯಾಗಿಯೇ ಉಜ್ಜಿ ಕೂಡಿಸಲಾಗುತ್ತದೆ. ಜೋಡಿ ಮುರಿದು ಬಿಡಿಯಾಗಿ ಮಾರಿದರೆ ಡಿಫರೆನ್ಷಿಯಲ್ ಕೂಗುವುದು ಖಚಿತ. 41/10 ಅಥವಾ 41/11 ಎಂಬಂತಹ ಹಲ್ಲುಗಳ ಸಂಖ್ಯೆಗೂ ಕಾರಣವಿದೆ: ಎರಡಕ್ಕೂ ಸಾಮಾನ್ಯ ಅಪವರ್ತನ ಇಲ್ಲದಿರುವುದರಿಂದ ಪ್ರತಿ ಹಲ್ಲೂ ಎದುರಿನ ಎಲ್ಲ ಹಲ್ಲುಗಳನ್ನು ಸರದಿಯಲ್ಲಿ ಮುಟ್ಟಿ ಸವೆತ ಸಮನಾಗುತ್ತದೆ. ಹಿಂದಿನ ಚಕ್ರ ಚಾಲನೆಯ ಹಳೆಯ ಕಾರುಗಳಲ್ಲಿ ಸ್ಪೀಡೋಮೀಟರ್ ತಂತಿಯು ಗೇರ್‌ಬಾಕ್ಸಿನ ಹಿಂಭಾಗದಿಂದ ಹೊರಡುತ್ತದೆ. 4.1ರ ಬದಲು 3.73 ಹಾಕಿದಾಗ ಕಾರು 80ರಲ್ಲಿ ಓಡುತ್ತಿದ್ದರೂ ಮುಳ್ಳು 73ನ್ನಷ್ಟೇ ತೋರಿಸುತ್ತದೆ. ಆದಕಾರಣ ಅದಕ್ಕೆ ಹೊಂದುವ ಸ್ಪೀಡೋಮೀಟರ್ ಪಿನಿಯನ್ನನ್ನೂ ಜೊತೆಗೇ ಮಾರುವುದು ಉಚಿತ.

ಕಾನೂನಿನ ಅಂಶವನ್ನೂ ವರ್ತಕರು ಲಘುವಾಗಿ ಕಾಣುವಂತಿಲ್ಲ. ತಯಾರಕರು ಮೂಲತಃ ನಮೂದಿಸಿದ ಹಾಗೂ ನೋಂದಣಿ ಪತ್ರದಲ್ಲಿರುವ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನ ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಂ ನಿರ್ಬಂಧಿಸುತ್ತದೆ. 2019ರ ತಿದ್ದುಪಡಿಯು ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆವಾಸ ಅಥವಾ 5,000 ರೂ. ದಂಡ, ಇಲ್ಲವೇ ಎರಡನ್ನೂ ವಿಧಿಸಿದೆ. ಸುರಕ್ಷತೆಗೆ ಅತ್ಯಗತ್ಯವೆಂದು ಕೇಂದ್ರ ಸರ್ಕಾರ ಅಧಿಸೂಚಿಸಿದ ಭಾಗವು ನಿಯಮಕ್ಕೆ ಅನುಗುಣವಾಗಿರದಿದ್ದರೆ ಅದನ್ನು ಮಾರಿದವನಿಗೆ ಪ್ರತಿ ಭಾಗಕ್ಕೆ 1 ಲಕ್ಷ ರೂ.ವರೆಗಿನ ಹೊಣೆಯಿದೆ. ಸವೆದ ಭಾಗಕ್ಕೆ ಬದಲಾಗಿ ಮೂಲ ಅಳತೆಯ ಭಾಗ ಹಾಕುವುದು ದುರಸ್ತಿ. ಬೇರೆ ಮಾದರಿಯ ಎಂಜಿನ್ ಕೂರಿಸುವುದು ಮಾರ್ಪಾಡು. ಎರಡನೆಯದಕ್ಕೆ ಸಾಮಾನು ಕೇಳುವ ಗಿರಾಕಿಯನ್ನು ಮೊದಲು ಆರ್‌ಟಿಓ ಕಚೇರಿಗೆ ಕಳುಹಿಸುವುದೇ ಲೇಸು. ಬಿಲ್ಲಿನಲ್ಲಿ ಕಾರಿನ ಮಾದರಿ, ತಯಾರಿಕೆಯ ವರ್ಷ, ಟೈರಿನ ಅಳತೆ, ಡಿಫರೆನ್ಷಿಯಲ್ ಹಲ್ಲುಗಳ ಸಂಖ್ಯೆ ಇವಿಷ್ಟನ್ನು ಬರೆಸಿಕೊಂಡರೆ, ಮುಂದೆ ದೂರು ಬಂದಾಗ ಲೆಕ್ಕವನ್ನು ಮತ್ತೆ ಮಾಡಿ ನೋಡಲು ಆಧಾರ ದೊರೆಯುತ್ತದೆ.