ಜಾಲ ಮತ್ತು ಬೇಲಿ: ವಿದ್ಯಾರ್ಥಿನಿಲಯದ ಅಂತರ್ಜಾಲ ನಿರ್ಬಂಧವನ್ನು ಅರಿಯುವ ಬಗೆ

ಗಡಿಭಾಗದ ಕನ್ನಡ ವಿದ್ಯಾರ್ಥಿಗೆ ಗ್ರಂಥಾಲಯಗಳು ಎರಡು. ಒಂದು ಕಾಲೇಜಿನ ಕಟ್ಟಡದಲ್ಲಿದೆ. ಅಲ್ಲಿ ಮರಾಠಿ ಗ್ರಂಥಗಳ ಸಾಲುಗಳ ನಡುವೆ ಕನ್ನಡಕ್ಕೆ ದೊರೆಯುವುದು ಹೆಚ್ಚೆಂದರೆ ಒಂದೆರಡು ಕಪಾಟು. ಇನ್ನೊಂದು ಅಂತರ್ಜಾಲದಲ್ಲಿದೆ, ಅಲ್ಲಿ ಶಾಸನ ಸಂಪುಟ, ನಿಘಂಟು, ಹಳೆಯ ಪತ್ರಿಕೆ, ಉಪನ್ಯಾಸಗಳೆಲ್ಲ ಕೈಗೆಟಕುತ್ತವೆ. ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರದ ಹಳ್ಳಿಗಳಿಂದ ಹೊರಟು ಸೊಲ್ಲಾಪುರ, ಸಾಂಗ್ಲಿ, ಕೊಲ್ಲಾಪುರಗಳ ವಸತಿನಿಲಯಗಳಲ್ಲಿ ತಂಗುವ ವಿದ್ಯಾರ್ಥಿಗೆ ಈ ಎರಡನೆಯ ಗ್ರಂಥಾಲಯವೇ ಅನೇಕ ವೇಳೆ ಮೊದಲನೆಯದು. ಆದುದರಿಂದ ನಿಲಯದ ಸೂಚನಾಫಲಕದಲ್ಲಿ ‘ರಾತ್ರಿ 10ರ ನಂತರ ವೈ-ಫೈ ಬಂದ್’ ಎಂಬ ಚೀಟಿ ಅಂಟಿದಾಗ, ಅದು ಎಲ್ಲರಿಗೂ ಒಂದೇ ಬಗೆಯ ಅನನುಕೂಲವಲ್ಲ. ಮರಾಠಿ ವಿದ್ಯಾರ್ಥಿಗೆ ಪೇಟೆಯ ಪುಸ್ತಕದಂಗಡಿಯಾದರೂ ಉಂಟು. ಕನ್ನಡ ವಿದ್ಯಾರ್ಥಿಗೆ ಅದೂ ಇಲ್ಲ.

ಇಂಥ ನಿರ್ಬಂಧಗಳನ್ನು ಎದುರಿಸುವ ಮೊದಲು ಅವುಗಳ ಸ್ವರೂಪವನ್ನು ತಿಳಿಯಬೇಕು. ಸಿಡಿಮಿಡಿಗೊಂಡು ಕುಳಿತರೆ ಪಾಠವೂ ಆಗದು, ಪರಿಹಾರವೂ ದೊರೆಯದು.

ಪದಗಳಿಂದ ಆರಂಭ

ಕನ್ನಡದಲ್ಲಿ ‘ನಿಷೇಧ’ ಮತ್ತು ‘ನಿರ್ಬಂಧ’ ಒಂದೇ ಅಲ್ಲ. ನಿಷೇಧವೆಂದರೆ ಕೂಡದೆಂದು ಹೇಳುವುದು. ನಿರ್ಬಂಧವೆಂದರೆ ಇಷ್ಟು ಹೊತ್ತು, ಇಷ್ಟು ಪ್ರಮಾಣ, ಈ ರೀತಿ ಎಂದು ಎಲ್ಲೆ ಕಟ್ಟುವುದು. ಮರಾಠಿಯಲ್ಲಿಯೂ ‘ನಿರ್ಬಂಧ’ ಇದೇ ಅರ್ಥದಲ್ಲಿದೆ. ನಿಷೇಧಕ್ಕೆ ಅಲ್ಲಿ ‘ಬಂದೀ’ ಎನ್ನುತ್ತಾರೆ. ಕನ್ನಡದಲ್ಲಿಯೋ ‘ಬಂದಿ’ ಎಂದರೆ ಸೆರೆಯಾಳು. ಎರಡೂ ಭಾಷೆಗಳನ್ನು ಬಲ್ಲ ವಿದ್ಯಾರ್ಥಿ ಮರಾಠಿ ಸೂಚನೆಯೊಂದನ್ನು ಓದುವಾಗ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ ಇದು: ಇದು ಎಲ್ಲೆಯೋ, ತಡೆಯೋ? ಎಲ್ಲೆಯಾದರೆ ಅದರೊಳಗೆ ಹೊಂದಿಕೊಂಡು ಕೆಲಸ ಸಾಧಿಸಬಹುದು. ಪೂರ್ಣ ತಡೆಯಾದರೆ ಅದಕ್ಕೆ ಕಾರಣವನ್ನು ವಿನಯದಿಂದ ಕೇಳಬಹುದು.

ನಿಲಯಗಳಲ್ಲಿ ಕಾಣುವ ನಿರ್ಬಂಧಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸಬಹುದು. ಕಾಲದ ನಿರ್ಬಂಧ: ಗೊತ್ತಾದ ಹೊತ್ತಿನ ನಂತರ ಸಂಪರ್ಕ ಕಡಿತ. ಪ್ರಮಾಣದ ನಿರ್ಬಂಧ: ದಿನಕ್ಕೆ ಇಷ್ಟು ಡೇಟಾ, ಒಬ್ಬರಿಗೆ ಇಷ್ಟೇ ಸಾಧನ. ವಿಷಯದ ನಿರ್ಬಂಧ: ಕೆಲವು ಜಾಲತಾಣಗಳು ತೆರೆಯದಿರುವುದು. ಸಾಧನದ ನಿರ್ಬಂಧ: ಮೊಬೈಲನ್ನೇ ರೆಕ್ಟರರ ವಶಕ್ಕೆ ಒಪ್ಪಿಸುವುದು. ಮೊದಲ ಮೂರು ನಿಲಯದ ಜಾಲಕ್ಕೆ ಸಂಬಂಧಿಸಿದವು. ನಾಲ್ಕನೆಯದು ವಿದ್ಯಾರ್ಥಿಯ ಸ್ವಂತ ವಸ್ತುವಿಗೆ ಸಂಬಂಧಿಸಿದ್ದು. ಈ ಅಂತರ ಮುಂದಿನ ವಿವೇಚನೆಗೆ ಅಗತ್ಯ.

ಪ್ರಮಾಣದ ಲೆಕ್ಕ

ಎಲ್ಲ ನಿರ್ಬಂಧವೂ ಹಟದಿಂದ ಹುಟ್ಟಿದ್ದಲ್ಲ. ಒಂದು ನಿಲಯಕ್ಕೆ ಸೆಕೆಂಡಿಗೆ 100 ಮೆಗಾಬಿಟ್ ವೇಗದ ಸಂಪರ್ಕವಿದೆಯೆಂದು ಭಾವಿಸೋಣ. ರಾತ್ರಿ ಊಟವಾದ ಮೇಲೆ 200 ಮಂದಿ ಒಮ್ಮೆಗೇ ಬಳಸಿದರೆ ಒಬ್ಬೊಬ್ಬರ ಪಾಲಿಗೆ ಬರುವುದು ಅರ್ಧ ಮೆಗಾಬಿಟ್. ಹತ್ತು ಮಂದಿ ಚಲನಚಿತ್ರ ನೋಡತೊಡಗಿದರೆ ಉಳಿದವರ ಪಾಲು ಇನ್ನೂ ಕುಗ್ಗುತ್ತದೆ. ಬೇಸಿಗೆಯಲ್ಲಿ ಊರ ಕೆರೆಯ ನೀರಿಗೆ ಸರದಿ ಕಟ್ಟುವಂತೆ ಇಲ್ಲಿಯೂ ಸರದಿ ಬೇಕಾಗುತ್ತದೆ.

ಆದರೆ ಈ ಲೆಕ್ಕದಲ್ಲಿ ಕನ್ನಡ ವಿದ್ಯಾರ್ಥಿಗೆ ಅನುಕೂಲವಾದ ಒಂದು ಸಂಗತಿ ಅಡಗಿದೆ. ಯೂನಿಕೋಡ್ ಪಠ್ಯವನ್ನು ಜಾಲದಲ್ಲಿ ಸಾಗಿಸುವ ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದ ಹಾಗೂ ದೇವನಾಗರಿಯ ಪ್ರತಿಯೊಂದು ಸಂಕೇತಕ್ಕೂ ಮೂರು ಬೈಟ್ ಬೇಕು. ‘ಕನ್ನಡ’ ಎಂಬ ಪದದಲ್ಲಿ ಕ, ನ, ವಿರಾಮಚಿಹ್ನೆ, ನ, ಡ ಎಂದು ಐದು ಸಂಕೇತಗಳಿವೆ. ಅಂದರೆ 15 ಬೈಟ್. ‘ಕ್ಷಿ’ ಎಂಬ ಒಂದೇ ಅಕ್ಷರಕ್ಕೆ ನಾಲ್ಕು ಸಂಕೇತ, 12 ಬೈಟ್. ಕನ್ನಡ ಭಾರವಾದ ಭಾಷೆಯೆಂದು ಇದರಿಂದ ತೋರಬಹುದು. ಆದರೆ ಪುಟಕ್ಕೆ 1,500 ಸಂಕೇತಗಳಂತೆ 300 ಪುಟಗಳ ಒಂದು ಕಾದಂಬರಿಯನ್ನು ಲೆಕ್ಕ ಹಾಕಿದರೆ ಅದರ ತೂಕ 1.35 ಮೆಗಾಬೈಟ್ ಮಾತ್ರ. ಸೆಕೆಂಡಿಗೆ ಒಂದು ಮೆಗಾಬಿಟ್ ಹರಿಯುವ ವಿಡಿಯೋ ಉಪನ್ಯಾಸವಾದರೆ ಒಂದು ಗಂಟೆಗೆ 450 ಮೆಗಾಬೈಟ್. ಒಂದು ಗಂಟೆಯ ವಿಡಿಯೋ ಹೊರುವಷ್ಟು ಭಾರದಲ್ಲಿ ಅಂಥ ಮುನ್ನೂರಕ್ಕೂ ಹೆಚ್ಚು ಕನ್ನಡ ಪುಸ್ತಕಗಳ ಪಠ್ಯ ಬರುತ್ತದೆ. ಪುಟಗಳ ಛಾಯಾಚಿತ್ರವಾಗಿರುವ ಪಿಡಿಎಫ್ ಪ್ರತಿಗಳು ಇದಕ್ಕಿಂತ ಬಹಳ ಭಾರ. ಆದರೂ ಅವು ಒಮ್ಮೆ ಇಳಿಸಿಕೊಂಡರೆ ಸಾಕಾಗುವಂಥವು.

ಇದರಿಂದ ಸಿದ್ಧವಾಗುವ ಮಾರ್ಗ ಸರಳ: ಭಾರವಾದುದನ್ನು ಕಾಲೇಜಿನಲ್ಲಿ ಹಗಲು ಇಳಿಸಿಕೊಳ್ಳುವುದು, ಹಗುರವಾದುದನ್ನು ನಿಲಯದಲ್ಲಿ ಬಳಸುವುದು, ಮತ್ತೆ ಮತ್ತೆ ಬೇಕಾಗುವುದನ್ನು ಸಂಪರ್ಕವಿಲ್ಲದೆಯೂ ತೆರೆಯುವಂತೆ ಇಟ್ಟುಕೊಳ್ಳುವುದು.

ಜಾಲವಿಲ್ಲದ ಹೊತ್ತಿನ ಸಾಮಗ್ರಿ

ಕಿವಿಕ್ಸ್ ಎಂಬ ಉಚಿತ ತಂತ್ರಾಂಶದ ಮೂಲಕ ವಿಕಿಪೀಡಿಯವನ್ನು ಒಂದೇ ಕಡತವಾಗಿ ಇಳಿಸಿಕೊಂಡು ಸಂಪರ್ಕವಿಲ್ಲದೆ ಓದಬಹುದು. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದಲ್ಲಿ ಇಂದು 30 ಸಾವಿರಕ್ಕೂ ಹೆಚ್ಚು ಲೇಖನಗಳಿವೆ. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಶ್ರಮಿಸಿ ಸಿದ್ಧಪಡಿಸಿದ ‘ಅಲರ್’ ಕನ್ನಡ–ಇಂಗ್ಲಿಷ್ ನಿಘಂಟು ಮುಕ್ತ ಪರವಾನಗಿಯಲ್ಲಿದ್ದು, ಅದರ ದತ್ತಾಂಶವನ್ನು ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಕರ್ನಾಟಕ ಸರ್ಕಾರದ ‘ಕಣಜ’, ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ‘ಭಾರತವಾಣಿ’, ಖರಗ್‌ಪುರದ ಐಐಟಿ ನಿರ್ವಹಿಸುವ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯ ಇವುಗಳಲ್ಲಿ ಬೇಕಾದುದನ್ನು ಹಗಲಿನಲ್ಲಿ ಹುಡುಕಿ, ಪಟ್ಟಿ ಮಾಡಿ, ಇಳಿಸಿಟ್ಟುಕೊಳ್ಳುವುದು ಒಳ್ಳೆಯ ಅಭ್ಯಾಸ. ನಾಲ್ವರು ಸಹಪಾಠಿಗಳು ವಿಷಯಗಳನ್ನು ಹಂಚಿಕೊಂಡು ಒಬ್ಬೊಬ್ಬರು ಒಂದೊಂದನ್ನು ಇಳಿಸಿ, ಪೆನ್‌ಡ್ರೈವಿನಲ್ಲಿ ವಿನಿಮಯ ಮಾಡಿಕೊಂಡರೆ ನಾಲ್ವರ ಪಾಲಿನ ಡೇಟಾವೂ ಉಳಿಯುತ್ತದೆ.

ವಿದ್ವತ್ ಪತ್ರಿಕೆಗಳು ಕಾಲೇಜಿನ ಆವರಣದಲ್ಲಿ ಮಾತ್ರ ತೆರೆಯುತ್ತವೆಂಬ ಭಾವನೆ ಅನೇಕರಲ್ಲಿದೆ. ಇನ್‌ಫ್ಲಿಬ್‌ನೆಟ್ ಕೇಂದ್ರದ ಎನ್-ಲಿಸ್ಟ್ ಯೋಜನೆಗೆ ಸದಸ್ಯವಾದ ಕಾಲೇಜುಗಳಲ್ಲಿ ವಿದ್ಯಾರ್ಥಿಗೆ ಸ್ವಂತ ಬಳಕೆದಾರ ಹೆಸರು ಮತ್ತು ಗುಪ್ತಪದ ದೊರೆಯುತ್ತವೆ. ಅವುಗಳಿಂದ ಎಲ್ಲಿ ಕುಳಿತರೂ ಓದಬಹುದು. ಗ್ರಂಥಪಾಲಕರನ್ನು ಕೇಳುವ ಒಂದು ಮಾತಿನಿಂದ ಆಗುವ ಕೆಲಸವಿದು.

ತೆರೆಯದ ತಾಣ ಮತ್ತು ಅರ್ಜಿ

ವಿಷಯದ ನಿರ್ಬಂಧವನ್ನು ಸಾಮಾನ್ಯವಾಗಿ ಒಬ್ಬ ವ್ಯಕ್ತಿ ಕುಳಿತು ವಿಧಿಸುವುದಿಲ್ಲ. ಫೈರ್‌ವಾಲ್ ಎಂಬ ವ್ಯವಸ್ಥೆ ಜಗತ್ತಿನ ತಾಣಗಳನ್ನು ಶಿಕ್ಷಣ, ಮನರಂಜನೆ, ಜೂಜು ಮೊದಲಾದ ವರ್ಗಗಳಾಗಿ ವಿಂಗಡಿಸಿರುತ್ತದೆ. ನಿರ್ವಾಹಕರು ಇಡೀ ವರ್ಗವನ್ನೇ ಮುಚ್ಚುತ್ತಾರೆ. ಯಾವ ವರ್ಗಕ್ಕೂ ಸೇರದ ತಾಣಗಳಿಗೆ ‘ವರ್ಗೀಕರಿಸದವು’ ಎಂಬ ಹಣೆಪಟ್ಟಿ ಬೀಳುತ್ತದೆ. ಸುರಕ್ಷತೆಯ ಹೆಸರಿನಲ್ಲಿ ಅದನ್ನೂ ಮುಚ್ಚುವುದುಂಟು. ಕಡಿಮೆ ಓದುಗರಿರುವ ಸಣ್ಣ ಕನ್ನಡ ತಾಣಗಳು ಈ ವರ್ಗಕ್ಕೆ ಸೇರಿಹೋಗುವ ಸಂಭವ ಹೆಚ್ಚು. ಅಂದರೆ ಕನ್ನಡವನ್ನು ಯಾರೂ ತಡೆದಿಲ್ಲ. ಕನ್ನಡವನ್ನು ಯಾರೂ ಗಮನಿಸಿಲ್ಲ. ಗಮನಕ್ಕೆ ತರುವುದು ವಿದ್ಯಾರ್ಥಿಯ ಕೆಲಸ.

ಅದಕ್ಕೆ ಬಾಯಿಮಾತಿನ ದೂರಿಗಿಂತ ಬರಹದ ಅರ್ಜಿ ಮೇಲು. ಅರ್ಜಿಯಲ್ಲಿ ಐದು ಅಂಶಗಳಿರಬೇಕು: ತಾಣದ ಪೂರ್ಣ ವಿಳಾಸ, ತೆರೆಯದಿದ್ದಾಗ ಪರದೆಯಲ್ಲಿ ಕಂಡ ಸಂದೇಶ ಹಾಗೂ ದಿನಾಂಕ, ವೇಳೆ, ಯಾವ ಪತ್ರಿಕೆಯ ಯಾವ ಪಾಠಕ್ಕೆ ಅದು ಬೇಕು ಎಂಬ ವಿವರ, ವಿಭಾಗದ ಅಧ್ಯಾಪಕರ ಶಿಫಾರಸು, ಕೋರಿಕೆಯ ಸ್ಪಷ್ಟ ಮಾತು. ರೆಕ್ಟರರು ಮರಾಠಿ ಬಲ್ಲವರಾದರೆ ಅರ್ಜಿ ಮರಾಠಿಯಲ್ಲಿರಲಿ. ಮರಾಠಿಯ ‘ಅರ್ಜ’ವೂ ಕನ್ನಡದ ‘ಅರ್ಜಿ’ಯೂ ಒಂದೇ ಅರಬ್ಬಿ ಮೂಲದಿಂದ ಬಂದವು. ಎದುರಿನವರ ಭಾಷೆಯಲ್ಲಿ ತನ್ನ ಭಾಷೆಯ ಅಗತ್ಯವನ್ನು ಹೇಳಬಲ್ಲ ಶಕ್ತಿ ಗಡಿಭಾಗದವರಿಗೆ ಹುಟ್ಟಿನಿಂದ ಬಂದ ಸಂಪತ್ತು.

ಎರಡು ಅಡ್ಡದಾರಿಗಳ ಬಗ್ಗೆ ಎಚ್ಚರವಿರಬೇಕು. ಗೆಳೆಯನ ಅಥವಾ ಸಿಬ್ಬಂದಿಯ ಗುಪ್ತಪದವನ್ನು ಬಳಸುವುದು ಮೊದಲನೆಯದು. ಇನ್ನೊಬ್ಬರ ಗುಪ್ತಪದವನ್ನು ಮೋಸದಿಂದ ಬಳಸಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಮಿನಂತೆ ಮೂರು ವರ್ಷಗಳವರೆಗೆ ಸೆರೆವಾಸ ಹಾಗೂ ಒಂದು ಲಕ್ಷ ರೂಪಾಯಿಯವರೆಗೆ ದಂಡ ವಿಧಿಸಬಹುದು. ಎರಡನೆಯದು ಉಚಿತ ವಿಪಿಎನ್. ಅದು ನಿಲಯದ ಕಣ್ಣಿನಿಂದ ಬಳಕೆಯನ್ನು ಮರೆಮಾಡುತ್ತದೆ ನಿಜ. ಆದರೆ ಆ ಬಳಕೆಯೆಲ್ಲ ಅಪರಿಚಿತ ಸಂಸ್ಥೆಯೊಂದರ ಕೈಯ ಮೂಲಕ ಹಾದುಹೋಗುತ್ತದೆ. ಹಣ ಕೇಳದ ಸಂಸ್ಥೆ ಅದರಿಂದ ಏನನ್ನು ಪಡೆಯುತ್ತದೆಂದು ಯೋಚಿಸಬೇಕು. ನಿಲಯದ ನಿಯಮವನ್ನು ಮುರಿದ ಆರೋಪ ಬಂದರೆ ನ್ಯಾಯವಾದ ಕೋರಿಕೆಯೂ ತೂಕ ಕಳೆದುಕೊಳ್ಳುತ್ತದೆ.

ನಿಯಮ ಮತ್ತು ಹಕ್ಕು

ವಿದ್ಯಾರ್ಥಿನಿಲಯಗಳು ಈ ಸೀಮೆಗೆ ಹೊಸವಲ್ಲ. ರಾಜರ್ಷಿ ಶಾಹು ಮಹಾರಾಜರು 1901ರಿಂದ ಕೊಲ್ಲಾಪುರದಲ್ಲಿ ಮರಾಠಾ, ಜೈನ, ಮುಸಲ್ಮಾನ, ಲಿಂಗಾಯತ ಮೊದಲಾದ ಸಮುದಾಯಗಳ ಮಕ್ಕಳ ಬೋರ್ಡಿಂಗುಗಳಿಗೆ ಆಶ್ರಯವಿತ್ತರು. ಅಲ್ಲಿಯ ಜೈನ ಬೋರ್ಡಿಂಗಿನಲ್ಲಿದ್ದ ಭಾವೂರಾವ ಪಾಟೀಲರು ಅಸ್ಪೃಶ್ಯತೆಗೆ ಸಂಬಂಧಿಸಿದ ಕಟ್ಟಳೆಗೆ ತಲೆಬಾಗದೆ ಹೊರಬೀಳಬೇಕಾಯಿತೆಂದು ಅವರ ಚರಿತ್ರಕಾರರು ಹೇಳುತ್ತಾರೆ. ಅದೇ ಭಾವೂರಾವರು 1919ರಲ್ಲಿ ರಯತ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿ, 1924ರಲ್ಲಿ ಸಾತಾರೆಯಲ್ಲಿ ಎಲ್ಲ ಜಾತಿಯ ಮಕ್ಕಳೂ ಒಂದಾಗಿ ಬಾಳುವ ಬೋರ್ಡಿಂಗನ್ನು ತೆರೆದರು. ನಿಲಯಕ್ಕೆ ನಿಯಮ ಬೇಕು. ಆದರೆ ನಿಯಮವೂ ಪರೀಕ್ಷೆಗೆ ಒಳಪಟ್ಟದ್ದೇ ಎಂಬುದಕ್ಕೆ ಇದು ನಿದರ್ಶನ.

ಅಂತರ್ಜಾಲದ ವಿಷಯದಲ್ಲಿ ಇಂಥ ಪರೀಕ್ಷೆ ನಡೆದದ್ದು ಕೇರಳದಲ್ಲಿ. ಕಲ್ಲಿಕೋಟೆ ಜಿಲ್ಲೆಯ ಚೇಳನ್ನೂರಿನ ಕಾಲೇಜೊಂದರ ವಿದ್ಯಾರ್ಥಿನಿಯರ ನಿಲಯದಲ್ಲಿ ಮೊದಲು ರಾತ್ರಿ 10ರಿಂದ ಬೆಳಗಿನ 6ರವರೆಗೆ, ಬಳಿಕ 2019ರ ಜೂನಿನಿಂದ ಸಂಜೆ 6ರಿಂದ ರಾತ್ರಿ 10ರವರೆಗೆ ಮೊಬೈಲ್ ಬಳಕೆಯನ್ನು ತಡೆಯಲಾಗಿತ್ತು. ಇದನ್ನು ಒಪ್ಪದ ಬಿ.ಎ. ವಿದ್ಯಾರ್ಥಿನಿಯೊಬ್ಬಳನ್ನು ನಿಲಯದಿಂದ ಹೊರಹಾಕಲಾಯಿತು. ಆಕೆ ಹೈಕೋರ್ಟಿನ ಮೊರೆ ಹೋದಳು. ಶಿಸ್ತಿಗಾಗಿ, ಪಾಲಕರ ಅಪೇಕ್ಷೆಯಂತೆ ಈ ನಿಯಮವೆಂಬುದು ಕಾಲೇಜಿನ ವಾದ. ಹುಡುಗಿಯರ ನಿಲಯಕ್ಕೆ ಮಾತ್ರ ಇಂಥ ನಿಯಮ ಭೇದಭಾವವೆಂಬುದು ಆಕೆಯ ವಾದಗಳಲ್ಲಿ ಒಂದು.

2019ರ ಸೆಪ್ಟೆಂಬರ್ 19ರಂದು ನ್ಯಾಯಮೂರ್ತಿ ಪಿ.ವಿ. ಆಶಾ ಅವರು ತೀರ್ಪಿತ್ತರು. ಅಂತರ್ಜಾಲವನ್ನು ಬಳಸುವ ಹಕ್ಕು ಶಿಕ್ಷಣದ ಹಕ್ಕಿನ ಹಾಗೂ ಸಂವಿಧಾನದ 21ನೆಯ ಅನುಚ್ಛೇದದಡಿಯ ಖಾಸಗಿತನದ ಹಕ್ಕಿನ ಭಾಗವೆಂದೂ, ವಯಸ್ಕರಾದ ವಿದ್ಯಾರ್ಥಿನಿಯರು ಯಾವಾಗ ಹೇಗೆ ಓದಬೇಕೆಂದು ತಾವೇ ನಿರ್ಧರಿಸಬಲ್ಲರೆಂದೂ ಹೇಳಿ, ಆಕೆಯನ್ನು ನಿಲಯಕ್ಕೆ ಮರಳಿ ಸೇರಿಸಿಕೊಳ್ಳಲು ಆದೇಶಿಸಿದರು. ಇತರರಿಗೆ ತೊಂದರೆಯಾಗಬಾರದೆಂಬ ಹೊಣೆಯನ್ನೂ ನೆನಪಿಸಿದರು. ಈ ತೀರ್ಪಿನ ಖಾಸಗಿತನದ ಎಳೆ ಹಿಂದೆ ಸರಿದರೆ ಕರ್ನಾಟಕಕ್ಕೆ ಬಂದು ಮುಟ್ಟುತ್ತದೆ: ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಸಾರಿದ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

ಈ ತೀರ್ಪನ್ನು ಅದರ ಅಳತೆಯಲ್ಲಿಯೇ ಅರಿಯಬೇಕು. ಅದು ಕೇರಳ ಹೈಕೋರ್ಟಿನದು. ಮಹಾರಾಷ್ಟ್ರದಲ್ಲಿ ಅದನ್ನು ಆಧಾರವಾಗಿ ಮುಂದಿಡಬಹುದೇ ಹೊರತು ಅದು ಇಲ್ಲಿಯ ನ್ಯಾಯಾಲಯಗಳನ್ನು ಕಟ್ಟಿಹಾಕದು. ಅದು ಸ್ವಂತ ಮೊಬೈಲಿನ ತಡೆಯ ಕುರಿತದ್ದು. ನಿಲಯವು ಉಚಿತ ವೈ-ಫೈಯನ್ನು ಇಷ್ಟು ಕೊಡಬೇಕೆಂದು ಅದು ಹೇಳಿಲ್ಲ. ಅದರ ವಾದ ವಯಸ್ಕರನ್ನು ಕುರಿತದ್ದು. 11 ಮತ್ತು 12ನೆಯ ತರಗತಿಯ ಮಕ್ಕಳ ವಿಷಯ ಬೇರೆ. 2020ರ ಜನವರಿ 10ರಂದು ಅನುರಾಧಾ ಭಸೀನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅಂತರ್ಜಾಲದ ಮೂಲಕ ನಡೆಯುವ ಅಭಿವ್ಯಕ್ತಿಗೆ ಸಂವಿಧಾನದ ರಕ್ಷಣೆಯಿದೆಯೆಂದೂ, ನಿರ್ಬಂಧವು ಉದ್ದೇಶಕ್ಕೆ ತಕ್ಕ ಪ್ರಮಾಣದಲ್ಲಿರಬೇಕೆಂದೂ ಹೇಳಿತು. ಆದರೆ ಅಂತರ್ಜಾಲ ಸಂಪರ್ಕವೇ ಪ್ರತ್ಯೇಕ ಮೂಲಭೂತ ಹಕ್ಕೇ ಎಂಬ ಪ್ರಶ್ನೆಗೆ ಉತ್ತರ ಹೇಳಲಿಲ್ಲ.

‘ಉದ್ದೇಶಕ್ಕೆ ತಕ್ಕ ಪ್ರಮಾಣ’ ಎಂಬ ಅಳತೆಗೋಲನ್ನು ನಿಲಯದ ಮಾತುಕತೆಯಲ್ಲಿಯೂ ಬಳಸಬಹುದು. ನಿದ್ದೆಗೆ ಭಂಗ ಬಾರದಿರಲಿ ಎಂಬುದು ಉದ್ದೇಶವಾದರೆ, ಇಡೀ ಜಾಲವನ್ನು ಮುಚ್ಚುವ ಬದಲು ವಾಚನಕೊಠಡಿಯೊಂದರಲ್ಲಿ ಮಾತ್ರ ರಾತ್ರಿ 12ರವರೆಗೆ ಸಂಪರ್ಕ ಉಳಿಸಬಹುದು. ಡೇಟಾ ಉಳಿತಾಯ ಉದ್ದೇಶವಾದರೆ ವಿಡಿಯೋಗೆ ಮಿತಿ ಹಾಕಿ ಪಠ್ಯದ ತಾಣಗಳನ್ನು ತೆರೆದಿಡಬಹುದು. ಸಂಜೆ ಬೇಗ ಬಾಗಿಲು ಮುಚ್ಚುವ ವಿದ್ಯಾರ್ಥಿನಿಯರ ನಿಲಯಗಳಲ್ಲಿ ಇದು ಇನ್ನಷ್ಟು ಅಗತ್ಯ; ಗ್ರಂಥಾಲಯಕ್ಕೆ ಹೋಗಲಾಗದ ಹೊತ್ತಿನಲ್ಲಿ ಜಾಲವೂ ಇಲ್ಲವಾದರೆ ಹುಡುಗಿಯ ಓದಿನ ದಿನವೇ ಹುಡುಗನದಕ್ಕಿಂತ ಚಿಕ್ಕದಾಗುತ್ತದೆ. ನಿಲಯದ ವಿದ್ಯಾರ್ಥಿ ಸಮಿತಿ ಇಂಥ ಸಲಹೆಗಳನ್ನು ಲಿಖಿತವಾಗಿ ಮುಂದಿಟ್ಟು, ಒಂದು ತಿಂಗಳು ಪ್ರಯೋಗಾರ್ಥವಾಗಿ ನಡೆಸೋಣವೆಂದು ಕೋರಿದರೆ, ಒಪ್ಪುವುದು ಆಡಳಿತಕ್ಕೂ ಸುಲಭ.

ಅಭ್ಯಾಸ

1. ನಿಮ್ಮ ನಿಲಯದ ಅಂತರ್ಜಾಲ ನಿಯಮಗಳನ್ನು ಬರೆದುಕೊಂಡು, ಅವು ಕಾಲ, ಪ್ರಮಾಣ, ವಿಷಯ, ಸಾಧನ ಎಂಬ ನಾಲ್ಕರಲ್ಲಿ ಯಾವುದಕ್ಕೆ ಸೇರುತ್ತವೆಂದು ಗುರುತಿಸಿ.

2. ತೆರೆಯದ ಒಂದು ಕನ್ನಡ ತಾಣದ ಕುರಿತು ರೆಕ್ಟರರಿಗೆ ಮರಾಠಿಯಲ್ಲಿ ಅರ್ಜಿ ಬರೆದು, ಅದನ್ನೇ ಕನ್ನಡದಲ್ಲಿಯೂ ಬರೆಯಿರಿ. ಎರಡರ ವಿನಯದ ನುಡಿಗಳಲ್ಲಿ ಕಾಣುವ ವ್ಯತ್ಯಾಸಗಳನ್ನು ಪಟ್ಟಿ ಮಾಡಿ.

3. ‘ವಿದ್ಯಾರ್ಥಿ’ ಎಂಬ ಪದದಲ್ಲಿರುವ ಯೂನಿಕೋಡ್ ಸಂಕೇತಗಳನ್ನು ಬಿಡಿಸಿ, ಅದರ ಬೈಟ್ ಲೆಕ್ಕ ಕಂಡುಹಿಡಿಯಿರಿ.

4. ಒಂದು ವಾರದ ಓದಿಗೆ ಬೇಕಾದ ಸಾಮಗ್ರಿಯನ್ನು ‘ಹಗಲಿನಲ್ಲಿ ಇಳಿಸಬೇಕಾದುದು’, ‘ನಿಲಯದಲ್ಲಿ ನೋಡಬಹುದಾದುದು’ ಎಂದು ವಿಂಗಡಿಸಿ, ವಾರಾಂತ್ಯದಲ್ಲಿ ಎಷ್ಟು ಸಾಧ್ಯವಾಯಿತೆಂದು ಸಹಪಾಠಿಗಳೊಡನೆ ಚರ್ಚಿಸಿ.