ಹಿಡಿದ ಕಟ್ಟಡದಲ್ಲಿ ಹಾಡಿನ ರಾತ್ರಿ

ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಖಾಲಿ ಬಿದ್ದ ಕಟ್ಟಡಗಳನ್ನು ಹೊಕ್ಕು ನೆಲೆಸುವವರನ್ನು ಕ್ರಾಕರ್‌ಗಳೆಂದು ಕರೆಯುತ್ತಾರೆ. ಅವರು ನಡೆಸುವ ಹಾಡು, ನಾಟಕ, ಕುಣಿತದ ರಾತ್ರಿಗಳು ಬರೀ ಮೋಜಿಗಲ್ಲ. ವಕೀಲರ ಫೀಸು, ದಂಡ, ಸೋರುವ ಚಾವಣಿಯ ರಿಪೇರಿ, ಎಲ್ಲಕ್ಕೂ ದುಡ್ಡು ಹೊಂದಿಸುವ ದಾರಿ ಅದು.

1971ರಲ್ಲಿ ನೆದರ್‌ಲ್ಯಾಂಡ್ಸ್‌ನ ಸರ್ವೋಚ್ಚ ನ್ಯಾಯಾಲಯ, ವಾಸವಿರುವವರ ಒಪ್ಪಿಗೆಯಿಲ್ಲದೆ ಮನೆಯೊಳಗೆ ಕಾಲಿಡಬಾರದೆಂಬ ರಕ್ಷಣೆ ಕ್ರಾಕರ್‌ಗಳಿಗೂ ಸಲ್ಲುತ್ತದೆ ಎಂದಿತು. ವಾಸದ ಗುರುತಿಗೆ ಒಂದು ಮಂಚ, ಒಂದು ಮೇಜು, ಒಂದು ಕುರ್ಚಿ ಇಡುವುದು ರೂಢಿಯಾಯಿತು. ಮಂಚ, ಮೇಜುಗಳಿಂದ ಕಟ್ಟಡ ಹೆಚ್ಚು ದಿನ ಉಳಿಯುವುದಿಲ್ಲ ಎಂಬುದು ಅನುಭವದ ಮಾತು. 1980ರ ಮಾರ್ಚ್‌ನಲ್ಲಿ ವೊಂಡೆಲ್‌ಸ್ಟ್ರಾಟ್ ಬೀದಿಯಲ್ಲಿ ಕ್ರಾಕರ್‌ಗಳು ಹಾಕಿದ್ದ ಅಡ್ಡಗಟ್ಟೆಗಳನ್ನು ಕೆಡವಲು ಟ್ಯಾಂಕ್‌ಗಳೇ ಬಂದವು. ಅಂಥ ಹೊತ್ತಿನಲ್ಲಿ ನೆರವಿಗೆ ಬರುವ ಜನ ಮೊದಲೇ ಆ ಕಟ್ಟಡದ ಮೆಟ್ಟಿಲು ಹತ್ತಿ ಬಂದಿರಬೇಕು, ಅಲ್ಲಿ ಉಂಡಿರಬೇಕು.

ಇಂಥ ರಾತ್ರಿಯ ತಯಾರಿಯಲ್ಲಿ ಎಲ್ಲಕ್ಕಿಂತ ತಲೆನೋವಿನದು ಬಾಗಿಲು. ತೆರವಿಗೆ ಬಂದವರನ್ನು ತಡೆಯಲೆಂದು ಹಲಗೆ ಬಡಿದು, ತೊಲೆ ಆನಿಸಿ ಭದ್ರಪಡಿಸಿದ ಬಾಗಿಲೇ ಬೆಂಕಿ ಬಿದ್ದರೆ ಒಳಗಿನವರಿಗೆ ಮುಳುವಾಗುತ್ತದೆ. ಆದ್ದರಿಂದ ಕಾರ್ಯಕ್ರಮದ ದಿನ ತೊಲೆಗಳನ್ನು ತೆಗೆದಿಟ್ಟು, ಎರಡನೆಯ ದಾರಿಯನ್ನು ತೆರವು ಮಾಡಿ, ಎರಡೂ ಕಡೆ ಕುಡಿಯದ ಒಬ್ಬೊಬ್ಬರನ್ನು ನಿಲ್ಲಿಸಬೇಕು. ಕೋಟೆ ಕಟ್ಟಿ ಅಭ್ಯಾಸವಾದವರಿಗೆ ಇದು ಒಗ್ಗುವುದು ಕಷ್ಟ. ಈ ಬಗ್ಗೆ ಸಭೆಗಳಲ್ಲಿ ಜಗಳವೂ ಆಗುತ್ತದೆ.

ನಂತರದ್ದು ಕರೆಂಟ್. ಹದಿನಾರು ಆಂಪಿಯರ್‌ನ ಒಂದು ಲೈನು ಸುಮಾರು 3,600 ವ್ಯಾಟ್ ತಾಳುತ್ತದೆ. ಅದೇ ಲೈನಿಗೆ ಎರಡು ಸಾವಿರ ವ್ಯಾಟ್‌ನ ಟೀ ಕೆಟಲ್ಲೂ ಅಷ್ಟೇ ಎಳೆಯುವ ರೂಮ್ ಹೀಟರೂ ಬಿದ್ದರೆ, ಹಾಡಿನ ನಡುವೆಯೇ ಫ್ಯೂಸ್ ಹಾರಬಹುದು. ಎಲ್ಲರೂ ಬೈಯುವುದು ಆಂಪ್ಲಿಫೈಯರನ್ನು. ತಪ್ಪು ಮಾತ್ರ ಸಾಮಾನ್ಯವಾಗಿ ಅಡುಗೆಮನೆಯದು. ಅಡುಗೆಗೆ, ದೀಪಕ್ಕೆ, ಸ್ಪೀಕರಿಗೆ ಬೇರೆ ಬೇರೆ ಲೈನು ಕೊಡುವುದೇ ಪರಿಹಾರ.

ಹಳೆಯ ಸಾಲುಮನೆಗಳಲ್ಲಿ ಮರದ ನೆಲದ ಮೂಲಕ ಬೇಸ್ ಸದ್ದು ಪಕ್ಕದ ಮನೆಯ ಮಲಗುವ ಕೋಣೆಯವರೆಗೂ ಹೋಗುತ್ತದೆ. ಸ್ಪೀಕರನ್ನು ನೆಲದಿಂದ ಎತ್ತಿ ದಪ್ಪ ರಬ್ಬರಿನ ಮೇಲಿಡಬೇಕು. ಗದ್ದಲದ ಪಂಕ್ ತಂಡಗಳನ್ನು ಸಂಜೆಗೇ ಮುಗಿಸಿ, ನಾಟಕ, ಕವಿತೆಗಳನ್ನು ತಡರಾತ್ರಿಗೆ ಇಡುವುದು ಜಾಣತನ. ಸಂಘಟಕರು ಮಾಡುವುದು ಸಾಮಾನ್ಯವಾಗಿ ಇದರ ತಿರುಗುಮುರುಗು. ನೆರೆಯವರಿಗೆ ಮೊದಲೇ ಚೀಟಿ ಹಾಕಿ ಒಂದು ಫೋನ್ ನಂಬರು ಕೊಟ್ಟರೆ, ದೂರು ಪೊಲೀಸರಿಗೆ ಹೋಗುವ ಮೊದಲು ಸಂಘಟಕರಿಗೇ ಬರುವ ಸಾಧ್ಯತೆ ಹೆಚ್ಚು.

ಊಟಕ್ಕೆ ‘ವೋಕು’ ಎಂಬ ಸಾಮೂಹಿಕ ಅಡುಗೆ. ಸಂತೆಯಲ್ಲಿ ಮಿಕ್ಕ ತರಕಾರಿಯ ದೊಡ್ಡ ಹಂಡೆ ಸಾರು, ಬ್ರೆಡ್ಡು. ದುಡ್ಡು ಕೈಲಾದಷ್ಟು ಕೊಡಬಹುದು. ಪಾತ್ರೆ ತೊಳೆಯುವವರ ಪಟ್ಟಿಯನ್ನು ಅಡುಗೆ ಶುರುವಾಗುವ ಮೊದಲೇ ಬರೆಯಬೇಕು, ಉಂಡ ಮೇಲೆ ಯಾರೂ ಸಿಗುವುದಿಲ್ಲ. ಬಾಗಿಲಲ್ಲಿ ಬಂದ ದುಡ್ಡನ್ನು ಇಬ್ಬರು ಒಟ್ಟಿಗೆ ಎಣಿಸಿ, ಯಾವುದಕ್ಕೆ ಹೋಯಿತೆಂದು ಗೋಡೆಗೆ ಅಂಟಿಸುವುದು ಒಳ್ಳೆಯದು. ಇಲ್ಲದಿದ್ದರೆ ಮುಂದಿನ ಸಲ ಡಬ್ಬಿಗೆ ಬೀಳುವುದು ಚಿಲ್ಲರೆ.

2010ರ ಅಕ್ಟೋಬರ್ 1ರಿಂದ ಖಾಲಿ ಕಟ್ಟಡ ಹಿಡಿಯುವುದೇ ಅಪರಾಧವಾಯಿತು. ಒಂದು ವರ್ಷದವರೆಗೆ ಸಜೆಯಾಗಬಹುದು. ಅಷ್ಟರಲ್ಲಿ ಕೆಲವು ಕಟ್ಟಡಗಳು ಕೈ ಬದಲಿಸಿದ್ದವು. 1982ರಲ್ಲಿ ಹಿಡಿದ ವ್ರಾಂಕ್‌ರೈಕ್ ಎಂಬ ಕಟ್ಟಡವನ್ನೂ, 1999ರಲ್ಲಿ ಹಿಡಿದ ಹಳೆಯ ಫಿಲ್ಮ್ ಅಕಾಡೆಮಿ ‘ಓಟಿ 301’ ಅನ್ನೂ ಅಲ್ಲಿದ್ದವರೇ ಕೊಂಡುಕೊಂಡರು. ಓಟಿ 301ರಲ್ಲಿ ಸಂಗೀತ, ಸಿನಿಮಾಗಳ ಜೊತೆಗೆ ಸ್ವಯಂಸೇವಕರೇ ನಡೆಸುವ ‘ದ ಪೇಪರ್’ ಎಂಬ ಅಡುಗೆಮನೆಯೂ ನಡೆಯಿತು. ಮಾಲೀಕರಾದ ಮೇಲೆ ಅಗ್ನಿಸುರಕ್ಷೆ, ಶಬ್ದಮಿತಿಗಳ ಹೊಣೆಯೂ ಅವರ ಹೆಗಲಿಗೇ ಬಿತ್ತು.