ಹೇತುವಲ್ಲದ ಹೇತು

ಮಾಲೂರಿನ ಇಟ್ಟಿಗೆ, ಹೆಂಚಿನ ಗೂಡುಗಳನ್ನು ನಮ್ಮ ಸೀಮೆಯಲ್ಲಿ ಅರಿಯದವರಿಲ್ಲ. ದೂರದಲ್ಲಿ ಹೊಗೆಯೇಳುವುದನ್ನು ಕಂಡು ಅಲ್ಲಿ ಬೆಂಕಿಯಿದೆಯೆಂದು ನಿಶ್ಚಯಿಸುತ್ತೇವೆ. ಇದು ನಿರ್ದುಷ್ಟವಾದ ಅನುಮಾನ. ಇದನ್ನೇ ತಿರುಗಿಸಿ, ಬೆಂಕಿಯಿರುವಲ್ಲೆಲ್ಲ ಹೊಗೆಯಿದ್ದೇ ತೀರಬೇಕೆಂದರೆ ಕಮ್ಮಾರನ ಕಾದ ಕಬ್ಬಿಣವು ಅಡ್ಡ ಬರುತ್ತದೆ. ಹೊಗೆಗೆ ಹಸಿ ಸೌದೆಯ ಸಂಬಂಧವೂ ಬೇಕು. ಶಾಸ್ತ್ರಜ್ಞರು ಇದನ್ನು ಉಪಾಧಿಯೆನ್ನುತ್ತಾರೆ. ಹೇತುವಿನಂತೆ ತೋರಿ ಹೇತುವಲ್ಲದ್ದು ಹೇತ್ವಾಭಾಸ.

ಇದು ಪಂಡಿತರಿಗೆ ಮಾತ್ರ ಬೇಕಾದ ವಿಷಯವೆಂದು ವಾಚಕರು ಭಾವಿಸಬಾರದು. ನಾವು ಬಲ್ಲ ಒಂದು ಮನೆಯಲ್ಲಿ, ಎರಡು ಪಂಚಾಂಗಗಳು ಏಕಾದಶಿಯನ್ನು ಬೇರೆ ಬೇರೆ ದಿನಗಳಿಗೆ ಬರೆದಿದ್ದಾಗ, ಅಣ್ಣತಮ್ಮಂದಿರೊಳಗೆ ಮಾತು ಬೆಳೆದು ಊಟದ ಪಂಕ್ತಿಯೇ ಬೇರೆಯಾಗುವ ಸ್ಥಿತಿಯೊದಗಿತು. ಅಣ್ಣನು, "ನಮ್ಮ ತಂದೆಯವರು ಜೀವಮಾನವೆಲ್ಲ ಈ ಪಂಚಾಂಗವನ್ನೇ ನೋಡಿದರು, ಆದುದರಿಂದ ಇದರ ಗಣಿತವೇ ಸರಿ" ಎಂದನು. ಯಾವುದನ್ನು ಅನುಸರಿಸಬೇಕು ಎಂಬ ಪ್ರಶ್ನೆಗೆ ಮನೆಯ ಸಂಪ್ರದಾಯವು ತಕ್ಕ ಹೇತುವೇ ಹೌದು. ದಶಮಿಯು ಎಷ್ಟು ಘಳಿಗೆಗೆ ಮುಗಿಯಿತು ಎಂಬ ಪ್ರಶ್ನೆಗೆ ಅದು ಹೇತುವಾಗದು. ಇದು ಅಸಂಗತಿ. ತಮ್ಮನು ಇನ್ನೂ ಮುಂದೆ ಹೋಗಿ, "ಆ ಪಂಚಾಂಗವನ್ನು ಗುಣಿಸಿದವನು ಸಂಧ್ಯಾವಂದನೆಯನ್ನೇ ಮಾಡುವುದಿಲ್ಲವಂತೆ" ಎಂದನು. ಆಪ್ತವಾಕ್ಯದ ವಿಚಾರದಲ್ಲಿ ವಕ್ತೃವಿನ ಗುಣದೋಷಗಳನ್ನು ನೋಡುವುದುಂಟು, ನಿಜ. ಆದರೆ ಕೂಡುವ ಕಳೆಯುವ ಲೆಕ್ಕವನ್ನು ಯಾರು ಬೇಕಾದರೂ ಮತ್ತೆ ಮಾಡಿ ನೋಡಬಹುದಲ್ಲವೆ? ಅಲ್ಲಿ ಮನುಷ್ಯನನ್ನು ಹಳಿದರೆ ಲೆಕ್ಕವು ತಪ್ಪಾಗುವುದಿಲ್ಲ. ಇವರ ನಡುವೆ ವೃದ್ಧೆಯಾದ ತಾಯಿಯು ಏನನ್ನೂ ಹೇಳದೆ ಎರಡು ದಿನವೂ ಉಪವಾಸವಿರಲು ಸಿದ್ಧಳಾಗಿದ್ದಳು. ಆಕೆಯ ಮೌನವನ್ನು ಇಬ್ಬರೂ ತಮ್ಮ ತಮ್ಮ ಪಕ್ಷಕ್ಕೆ ಸಮ್ಮತಿಯೆಂದು ಎಣಿಸಿದ್ದರು!

ಶ್ರೀಮದಾಚಾರ್ಯರು ಕಥಾಲಕ್ಷಣವೆಂಬ ಗ್ರಂಥವನ್ನೇ ರಚಿಸಿ ವಾದ, ಜಲ್ಪ, ವಿತಂಡೆಗಳ ಸ್ವರೂಪವನ್ನು ನಿರೂಪಿಸಿದ್ದಾರೆ. ತತ್ತ್ವನಿರ್ಣಯಕ್ಕಾಗಿ ನಡೆಯುವುದು ವಾದ. ಮನೆಯ ಜಗುಲಿಯಲ್ಲಿ ನಾವು ವಾದವೆಂದು ಕರೆಯುವುದರಲ್ಲಿ ಬಹುಭಾಗವು ಜಲ್ಪವೆಂದೇ ನಮಗೆ ತೋರುತ್ತದೆ.

ಈ ಪ್ರಸಂಗದಲ್ಲಿ ನಮ್ಮ ಜಿಲ್ಲೆಯ ಮುಳಬಾಗಿಲನ್ನು ಸ್ಮರಿಸದೆ ಇರಲಾಗದು. ಅಲ್ಲಿ ಶ್ರೀ ಅಕ್ಷೋಭ್ಯತೀರ್ಥರಿಗೂ ಶ್ರೀ ವಿದ್ಯಾರಣ್ಯರಿಗೂ ವಾದ ನಡೆದು ಅಕ್ಷೋಭ್ಯತೀರ್ಥರು ಜಯಶೀಲರಾದರೆಂದು ನಮ್ಮ ಸಂಪ್ರದಾಯವು ಹೇಳುತ್ತದೆ. ಅದ್ವೈತಿಗಳು ಇದನ್ನು ಒಪ್ಪುವುದಿಲ್ಲ. "ಅಂದು ನಮ್ಮವರು ಗೆದ್ದರು, ಆದುದರಿಂದ ಭೇದವು ಸತ್ಯ" ಎಂದು ನಮ್ಮ ಹುಡುಗರು ಹೇಳುವುದನ್ನು ಕೇಳಿದ್ದೇವೆ. ಹೀಗೆ ಹೇಳಬಾರದು. ವಿಜಯವು ವಾದಿಯ ಸಾಮರ್ಥ್ಯವನ್ನು ತೋರಿಸೀತು. ಭೇದವನ್ನು ಸಾಧಿಸಬೇಕಾದುದು ಪ್ರತ್ಯಕ್ಷ, ಅನುಮಾನ, ಆಗಮಗಳಿಂದ. ಪ್ರತಿವಾದಿಯೇ ಒಪ್ಪದ ಸಂಗತಿಯನ್ನು ಅವನ ಮುಂದೆ ಹೇತುವಾಗಿಟ್ಟರೆ ಅದು ಅಸಿದ್ಧ.

ಅದೇ ಮುಳಬಾಗಿಲಿನಲ್ಲಿ ಶ್ರೀಪಾದರಾಜರ ಬಳಿ ಶಾಸ್ತ್ರಾಭ್ಯಾಸ ಮಾಡಿದ ವ್ಯಾಸರಾಜರು (ನಿರ್ಯಾಣ 1539) ನ್ಯಾಯಾಮೃತದಲ್ಲಿ ಪರಪಕ್ಷದ ಲಕ್ಷಣಗಳನ್ನು ಒಂದೊಂದಾಗಿ ಎತ್ತಿಕೊಂಡು, ಅವಕ್ಕೆ ಆಗಬಹುದಾದ ಅರ್ಥಗಳನ್ನೆಲ್ಲ ವಿಕಲ್ಪಿಸಿ ವಿಮರ್ಶಿಸಿದರು. ದುರ್ಬಲವಾದ ಪೂರ್ವಪಕ್ಷವನ್ನು ತಾವೇ ಕಟ್ಟಿ ತಾವೇ ಕೆಡವಿದವರಲ್ಲ. ಆದುದರಿಂದಲೇ ಮಧುಸೂದನ ಸರಸ್ವತಿಗಳು ಅದ್ವೈತಸಿದ್ಧಿಯನ್ನು ಬರೆದು ಅದಕ್ಕೆ ಉತ್ತರಿಸಬೇಕೆನಿಸಿತು. ಅದಕ್ಕೆ ಪ್ರತಿಯಾಗಿ ನಮ್ಮಲ್ಲಿ ರಾಮಾಚಾರ್ಯರ ತರಂಗಿಣಿಯು ಹುಟ್ಟಿತು.

ಮೇಲೆ ಹೇಳಿದ ಮನೆಯಲ್ಲಿ, ನೆಂಟರಾದ ವೃದ್ಧರೊಬ್ಬರು ಅಣ್ಣನ ಮಾತನ್ನು ತಮ್ಮನ ಬಾಯಿಂದಲೂ, ತಮ್ಮನ ಮಾತನ್ನು ಅಣ್ಣನ ಬಾಯಿಂದಲೂ ಹೇಳಿಸಿದರು. ಅರುಣೋದಯದಲ್ಲಿ ದಶಮಿಯ ಸ್ಪರ್ಶವಿದ್ದರೆ ಆ ಏಕಾದಶಿಯು ವಿದ್ಧವೆಂಬುದರಲ್ಲಿ ಇಬ್ಬರಿಗೂ ಭಿನ್ನಾಭಿಪ್ರಾಯವಿರಲಿಲ್ಲ. ದಶಮಿಯು ಮುಗಿಯುವ ಕಾಲದಲ್ಲಿ ಮಾತ್ರ ಎರಡು ಗಣಿತಗಳಿಗೆ ಕೆಲವು ವಿಘಳಿಗೆಗಳ ಅಂತರವಿತ್ತು. ಅಷ್ಟು ತಿಳಿದ ಮೇಲೆ ತಮ್ಮನು, ಗಣಿತದ ವಿಚಾರವನ್ನು ಜ್ಯೋತಿಷಿಗಳಲ್ಲಿ ಕೇಳೋಣ, ಈ ಸಲಕ್ಕೆ ಮನೆಯ ಪದ್ಧತಿಯಂತೆ ಆಗಲಿ ಎಂದನು. ತಾಯಿಗೆ ಒಂದೇ ದಿನದ ಉಪವಾಸವಾಯಿತು.